ಕ್ಯಾನ್ವಾಸ್ ಬ್ಯಾಗಿನ ಮೇಲೆ ಒಣಗಿ ಗಟ್ಟಿಯಾದ ಪೇಂಟ್ ಕಲೆ ತೆಗೆಯುವುದು ಹೇಗೆ?

ಮೊದಲು ಅದು ಯಾವ ಪೇಂಟ್ ಅಂತ ತಿಳಿದುಕೊಳ್ಳಿ. ಹತ್ತಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ (ಔಷಧಿ ಅಂಗಡಿಯಲ್ಲಿ ಸಿಗುವ ರಬ್ಬಿಂಗ್ ಆಲ್ಕೋಹಾಲ್) ಅದ್ದಿ ಕಲೆಯ ಮೇಲೆ ಅರ್ಧ ನಿಮಿಷ ಒತ್ತಿ. ಹತ್ತಿಗೆ ಬಣ್ಣ ಹತ್ತಿದರೆ ಬಹುತೇಕ ಅಕ್ರಿಲಿಕ್ ಅಥವಾ ಗೋಡೆಯ ಎಮಲ್ಷನ್. ಹತ್ತದಿದ್ದರೆ ಎಣ್ಣೆ ಆಧಾರಿತ ಎನಾಮೆಲ್ ಇರಬಹುದು.

ಯಾವುದೇ ಆದರೂ ಮೇಲೆ ಕೂತ ಪದರವನ್ನು ಚಮಚದ ಅಂಚಿನಿಂದ ಕೆರೆದು ತೆಗೆಯಿರಿ. ಇದನ್ನು ಬಿಟ್ಟು ನೇರವಾಗಿ ದ್ರಾವಕ (ಪೇಂಟ್ ಕರಗಿಸುವ ದ್ರವ) ಸುರಿದರೆ ಕರಗಿದ ಬಣ್ಣವೆಲ್ಲ ನೇಯ್ಗೆಯ ಒಳಗಿಳಿಯುತ್ತದೆ.

ಅಕ್ರಿಲಿಕ್ ಅಥವಾ ಎಮಲ್ಷನ್‌ಗೆ: ಕೆಳಗೆ ಹಳೆಯ ಬಿಳಿ ಬಟ್ಟೆ ಇಟ್ಟು, ಕಲೆ ನೆನೆಯುವಷ್ಟು ಆಲ್ಕೋಹಾಲ್ (70% ಅಥವಾ ಹೆಚ್ಚಿನದು) ಹಾಕಿ, 5 ನಿಮಿಷ ಬಿಡಿ. ಪೇಂಟ್ ಮೆತ್ತಗಾಗಿ ಅಂಟಂಟಾದಾಗ ಹಳೆಯ ಟೂತ್‌ಬ್ರಷ್‌ನಿಂದ ಅಂಚಿನಿಂದ ನಡುವಿಗೆ ಉಜ್ಜಿ, ಒರೆಸಿ. ಮೂರ್ನಾಲ್ಕು ಸಲ ಮಾಡಬೇಕಾದೀತು; ಒಂದೇ ಸಲಕ್ಕೆ ತಿಕ್ಕಿ ತೆಗೆಯಲು ಹೋದರೆ ನೂಲು ಜುಂಗೇಳುತ್ತದೆ, ಅದು ಕಲೆಗಿಂತ ಎದ್ದು ಕಾಣುತ್ತದೆ.

ಎನಾಮೆಲ್‌ಗೆ ಟರ್ಪೆಂಟೈನ್, ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತಣ್ಣೀರಿನ ತೊಳೆತ. ವಾಸನೆ ಪೂರ್ತಿ ಹೋಗುವವರೆಗೂ ವಾಷಿಂಗ್ ಮಷೀನಿಗೆ ಹಾಕಬೇಡಿ, ಬೆಂಕಿಯ ಅಪಾಯವಿದೆ. ಕಿಟಕಿ ತೆರೆದಿಡಿ, ಹತ್ತಿರ ಒಲೆ ಬೇಡ.

ಬಣ್ಣದ ಕ್ಯಾನ್ವಾಸ್ ಆದರೆ ಒಳಹೊಲಿಗೆಯ ಬಳಿ ಮೊದಲು ಪರೀಕ್ಷಿಸಿ. ಮೇಣ ಹಚ್ಚಿದ ಕ್ಯಾನ್ವಾಸಿಗೆ ಇದ್ಯಾವುದೂ ಬೇಡ. ಕಲೆಯ ಜೊತೆ ಮೇಣವೂ ಕಿತ್ತುಬರುತ್ತದೆ. ಕಲೆ ಪೂರ್ತಿ ಹೋಗುವ ಮುಂಚೆ ಬಿಸಿನೀರು, ಇಸ್ತ್ರಿ ಎರಡೂ ಬೇಡ, ಉಳಿದ ಬಣ್ಣ ಇನ್ನಷ್ಟು ಕಚ್ಚಿಕೊಳ್ಳುತ್ತದೆ.