ಮೇಲೆ ಮಣ್ಣು ಹಾಕಿ ಪಾರ್ಕ್ ತೆರೆಯಬಹುದೇ?

ಪ್ರಶ್ನೆ: ಮಾಸ್ತರರೇ, ನಮ್ಮ ಬಡಾವಣೆಯ ಪಾರ್ಕಿನಲ್ಲಿ ಗಿಡ ನೆಡಲು ಗುಂಡಿ ತೆಗೆದಾಗ ತುಕ್ಕು ಹಿಡಿದ ಡ್ರಮ್‌ಗಳು ಸಿಕ್ಕವು. ಕಪ್ಪು ರಾಡಿ, ಕೆಟ್ಟ ಘಾಟು. ಯಾವಾಗ ಯಾರು ಹೂತರೋ! ಈಗ ಗೇಟಿಗೆ ಬೀಗ. ಮೇಲೆ ಎರಡಡಿ ಮಣ್ಣು ಹಾಕಿ ತೆರೆದುಬಿಡಿ ಅಂತ ಅರ್ಜಿ ಬರೆದಿದ್ದಾರೆ. ನಾನೂ ಸಹಿ ಹಾಕಲಾ? ಮಕ್ಕಳಿಗೆ ಆಡಲು ಬೇರೆ ಜಾಗವಿಲ್ಲ.
(ಓದುಗರೊಬ್ಬರು, ಬೀದರ್)

ಉತ್ತರ: ಸಹಿ ಹಾಕಬೇಡಿ ತಂಗಿ. ಬೀಗ ಸದ್ಯಕ್ಕೆ ಹಾಗೇ ಇರಲಿ.

ಮಣ್ಣು ಮುಚ್ಚಿ ಮರೆತದ್ದರ ಫಲವನ್ನು ಅಮೆರಿಕದ ನಯಾಗರ ಫಾಲ್ಸ್ ಊರಿನವರು ಉಂಡಿದ್ದಾರೆ. ಅಲ್ಲಿನ ಲವ್ ಕೆನಾಲ್ ಎಂಬ ಹಳೇ ಕಾಲುವೆಯಲ್ಲಿ ಹೂಕರ್ ಕೆಮಿಕಲ್ ಕಂಪನಿ ಸುಮಾರು 20 ಸಾವಿರ ಟನ್ ರಾಸಾಯನಿಕ ಕಸ ಹೂತಿತು. ಮೇಲೆ ಜೇಡಿಮಣ್ಣು ಹೊದಿಸಿ, 1953ರಲ್ಲಿ ಆ ಜಾಗವನ್ನು ಶಾಲಾ ಮಂಡಳಿಗೆ 1 ಡಾಲರಿಗೆ ಕೊಟ್ಟಿತು. ಶಾಲೆ ಬಂತು, ಸುತ್ತ ಮನೆಗಳು ಬಂದವು. ಮಳೆ ನೀರು ಒಳಗೆ ಇಳಿದು ತುಂಬಿಕೊಂಡಿತು. ವಿಷ ಮನೆಗಳ ನೆಲಮಾಳಿಗೆಗೇ ಜಿನುಗಿತು. 1978ರಲ್ಲಿ ತುರ್ತು ಪರಿಸ್ಥಿತಿ ಸಾರಿ ಜನರನ್ನು ಅಲ್ಲಿಂದ ಎಬ್ಬಿಸಬೇಕಾಯಿತು.

ನಮ್ಮ ಬೀದರಿನ ನೆಲದಲ್ಲಂತೂ ಭಯ ಜಾಸ್ತಿ. ಇದು ಕಲಬುರಗಿ ಕಡೆಯ ಎರೆಮಣ್ಣಲ್ಲ. ಕೆಳಗಿರುವುದು ತೂತು ತೂತಾದ ಜಂಬಿಟ್ಟಿಗೆ ಕಲ್ಲು. ನೀರು ಸುಲಭವಾಗಿ ಇಳಿಯುತ್ತದೆ. ಬಹಮನಿ ಕಾಲದವರು ನೌಬಾದಿನಲ್ಲಿ ಕರೇಜ್ ಸುರಂಗ ತೋಡಿ ನೀರು ಹರಿಸಿದ್ದು ಇಂಥ ನೆಲದಲ್ಲೇ. ನೀರು ಇಳಿಯುವ ದಾರಿಯಲ್ಲಿ ವಿಷವೂ ಇಳಿಯುತ್ತದೆ, ಅಲ್ವಾ? ಅದಕ್ಕೇ ನನಗೆ ಪಾರ್ಕಿಗಿಂತ ನಿಮ್ಮ ಓಣಿಯ ಬೋರ್‌ವೆಲ್‌ನದೇ ಚಿಂತೆ. ಪರೀಕ್ಷೆ ಆಗುವವರೆಗೆ ಆ ನೀರನ್ನು ಕುಡಿಯಬೇಡಿ, ಅಡುಗೆಗೂ ಬಳಸಬೇಡಿ. ಕಾಯಿಸಿದರಾಯ್ತು ಅಂದುಕೊಳ್ಳಬೇಡಿ. ಸೀಸ, ಕ್ರೋಮಿಯಂ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವು ಹೆಚ್ಚುತ್ತವೆ. ಗಡಸುತನ, ಫ್ಲೋರೈಡ್ ನೋಡುವ ಮಾಮೂಲಿ ಪರೀಕ್ಷೆ ಸಾಲದು. ಭಾರಲೋಹ, ರಾಸಾಯನಿಕ ದ್ರಾವಕಗಳನ್ನೂ ನೋಡಿ ಅಂತ ಬರೆದೇ ಕೇಳಿ.

ಅರ್ಜಿ ಕೊಡಲೇಬೇಕು, ಆದರೆ ಬೇರೆಯದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಿ. ನಾಲ್ಕಾರು ಕಡೆ, ಬೇರೆ ಬೇರೆ ಆಳದಿಂದ ಮಣ್ಣು ತೆಗೆದು ಪರೀಕ್ಷಿಸಲಿ. ಇಳಿಜಾರಿನ ಕಡೆಯ ಬಾವಿಗಳನ್ನೂ ನೋಡಲಿ. ವರದಿಯನ್ನು ಪಾರ್ಕಿನ ಗೇಟಿಗೇ ಅಂಟಿಸಲಿ. ಅಗೆದ ಕಸ ಎಲ್ಲಿಗೆ ಹೋಯಿತು ಅಂತ ಕಾಗದ ತೋರಿಸಲಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಪರವಾನಗಿ ಇರುವ ವಿಲೇವಾರಿ ಜಾಗಕ್ಕೇ ಹೋಗಬೇಕು, ದಾಖಲೆ ಜೊತೆಗೇ ಇರಬೇಕು. ರಾತ್ರೋರಾತ್ರಿ ಟ್ರ್ಯಾಕ್ಟರಿನಲ್ಲಿ ಹೇರಿ ಯಾವುದೋ ಹಳ್ಳಕ್ಕೆ ಸುರಿದರೆ ಆ ಊರಿನ ಮಕ್ಕಳ ಗತಿ ಏನು?

ನಿಮ್ಮ ಮಕ್ಕಳ ಆಟ ನಿಲ್ಲುವುದೂ ಬೇಡ. ಹತ್ತಿರದ ಶಾಲೆಯ ಮೈದಾನವನ್ನು ಸಂಜೆ ಹೊತ್ತು ತೆರೆದಿಡಿ ಅಂತ ಆಡಳಿತದವರನ್ನು ಎಲ್ಲರೂ ಸೇರಿ ಕೇಳಿ. ಆ ಅರ್ಜಿಗೆ ಮೊದಲ ಸಹಿ ನಿಮ್ಮದೇ ಇರಲಿ.