ಹಳೇ ಗುವಾಂಗ್‌ಝೌ ನೋಡಬೇಕೆ? ಸೇತುವೆ ದಾಟಿ ನಡೆಯಿರಿ

ಚೀನಾದ ಗುವಾಂಗ್‌ಝೌನಲ್ಲಿ ನಡೆಯುವ ದೊಡ್ಡ ವ್ಯಾಪಾರ ಮೇಳ, ಅಂದರೆ ಕ್ಯಾಂಟನ್ ಮೇಳ, ಹತ್ತಿರ ಬಂದಾಗಲೆಲ್ಲ ನನಗೆ ಒಂದೇ ಪ್ರಶ್ನೆ ಹತ್ತು ಬಗೆಯಲ್ಲಿ ಬರುತ್ತದೆ: ಗದ್ದಲ ಇಲ್ಲದ ಹಳೇ ಗುವಾಂಗ್‌ಝೌ ಎಲ್ಲಿದೆ? ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ. ಉಳಿದವಕ್ಕೆ ಒಂದೆರಡು ಮಾತು ಸಾಕು.

ಪ್ರಶ್ನೆ: ಮೇಳದ ಎರಡು ಹಂತಗಳ ನಡುವೆ ಮೂರು ದಿನ ಬಿಡುವಿದೆ. ಯೂಟ್ಯೂಬ್‌ನಲ್ಲಿ ಯೋಂಗ್‌ಚಿಂಗ್ ಫಾಂಗ್ ನೋಡಿದೆ. ಅದೇ ನಿಜವಾದ ಹಳೇ ಊರು ಅಲ್ವಾ ಸರ್? — ಬಟ್ಟೆ ವ್ಯಾಪಾರಿ, ದಾವಣಗೆರೆ

ಅಲ್ಲ. ಎನ್‌ನಿಂಗ್ ರಸ್ತೆಯ ಆ ಕೇರಿಯನ್ನು ರಿಪೇರಿ ಮಾಡಿ 2016ರಲ್ಲಿ ಹೊಸದಾಗಿ ತೆರೆದರು. ಗೋಡೆ ಹಳೆಯದು, ಒಳಗಿರುವುದು ಕಾಫಿ ಅಂಗಡಿ, ಉಡುಗೊರೆ ಅಂಗಡಿ. ಡಾಂಗ್‌ಶಾನ್‌ಕೋದ ಕೆಂಪು ಇಟ್ಟಿಗೆಯ ಮನೆಗಳು ಚೆನ್ನಾಗಿವೆ. ಆದರೆ ವಾರದ ಕೊನೆಯಲ್ಲಿ ಅಲ್ಲಿ ಫೋಟೊ ತೆಗೆಸಿಕೊಳ್ಳುವವರ ನೂಕುನುಗ್ಗಲು. 'ಯಾರಿಗೂ ಗೊತ್ತಿಲ್ಲದ ಜಾಗ' ಎಂದು ಲಕ್ಷಾಂತರ ಜನರಿಗೆ ವಿಡಿಯೊ ತೋರಿಸುವವರ ಮಾತನ್ನು ಹೇಗೆ ನಂಬುತ್ತೀರಿ? ಅದೇ ಕೇರಿಗೆ 'ಗುಪ್ತ ಪ್ರವಾಸ' ಎಂದು ದುಡ್ಡು ಕೀಳುವ ಏಜೆಂಟರೂ ಇದ್ದಾರೆ. ಒಂದು ಪೈಸೆ ಕೊಡಬೇಡಿ.

ಸಗಟು ಮಾಲು ನೋಡಲು ನೀವು ಹೇಗೂ ಯೀದೆ ರಸ್ತೆಗೆ, ಹೈಝೂ ಚೌಕಕ್ಕೆ ಹೋಗೇ ಹೋಗುತ್ತೀರಿ. ಅಲ್ಲಿಂದ ಟ್ಯಾಕ್ಸಿ ಹತ್ತಬೇಡಿ. ಎದುರಿಗೇ ಮುತ್ತಿನ ನದಿ, ಅದರ ಮೇಲೆ ಹೈಝೂ ಸೇತುವೆ. 1933ರಲ್ಲಿ ಕಟ್ಟಿದ್ದು. 1949ರಲ್ಲಿ ಕಮ್ಯುನಿಸ್ಟರಿಗೆ ಸೋತು ಹಿಂದೆ ಸರಿಯುತ್ತಿದ್ದ ರಾಷ್ಟ್ರವಾದಿ ಸೇನೆ ಸಿಡಿಮದ್ದು ಇಟ್ಟು ಉರುಳಿಸಿತು, ಆಮೇಲೆ ಮತ್ತೆ ಎತ್ತಿ ನಿಲ್ಲಿಸಿದರು. ನಡೆದೇ ದಾಟಿ. ಕಾಲು ನೋವಿದ್ದರೆ ಮೆಟ್ರೊ ಎರಡನೇ ಮಾರ್ಗದಲ್ಲಿ ಒಂದೇ ನಿಲ್ದಾಣ. ದಕ್ಷಿಣದ ದಡದಲ್ಲಿ ಬಲಕ್ಕೆ ತಿರುಗಿ ನಾನ್‌ಹುವಾ ರಸ್ತೆ ಹಿಡಿಯಿರಿ. ಸಾಲು ಅಂಗಡಿಗಳ ಮೇಲಂತಸ್ತು ಕಾಲುದಾರಿಯ ಮೇಲೆ ಚಾಚಿಕೊಂಡಿರುತ್ತದೆ. ಬಿಸಿಲು, ಮಳೆ ಎರಡೂ ತಾಗುವುದಿಲ್ಲ.

ಈ ದಡಕ್ಕೆ ದೊಡ್ಡ ಕತೆಯಿದೆ. 1757ರಿಂದ 1842ರವರೆಗೆ ಯುರೋಪಿನ ಹಡಗುಗಳು ಚೀನಾದ ಜೊತೆ ವ್ಯಾಪಾರ ಮಾಡಬೇಕೆಂದರೆ ಈ ಊರಿಗೇ ಬರಬೇಕಿತ್ತು. ಬೊಂಬಾಯಿಯ ಪಾರ್ಸಿ ವ್ಯಾಪಾರಿಗಳೂ ಹತ್ತಿ, ಅಫೀಮು ಹೇರಿಕೊಂಡು ಇಲ್ಲಿಗೇ ಬರುತ್ತಿದ್ದರು. ಅವರ ಸಮಾಧಿಗಳು ಇವತ್ತಿಗೂ ಚಾಂಗ್‌ಝೌ ದ್ವೀಪದಲ್ಲಿವೆ. ಪರದೇಶಿಗಳನ್ನು ಕೋಟೆಯೊಳಗೆ ಬಿಡುತ್ತಿರಲಿಲ್ಲ. ಉತ್ತರದ ದಡದ ಗೋದಾಮುಗಳಲ್ಲೇ ಇರಬೇಕಿತ್ತು. ತಿಂಗಳಲ್ಲಿ ಕೆಲವೇ ದಿನ ನದಿ ದಾಟಿ ಹೈಚುವಾಂಗ್ ಬೌದ್ಧ ದೇವಾಲಯದ ಕಡೆ ಸುತ್ತಾಡಿ ಬರಲು ಅಪ್ಪಣೆ ಸಿಗುತ್ತಿತ್ತು. ಆ ದೇವಾಲಯ ಈಗಲೂ ನಿಮ್ಮ ದಾರಿಯಲ್ಲೇ ಇದೆ. ಆ ಕಾಲದ ಜಗತ್ತಿನ ದೊಡ್ಡ ಸಾಹುಕಾರರಲ್ಲೊಬ್ಬನಾದ ವೂ ಬಿಂಗ್‌ಜಿಯಾನ್‌ನ ಮನೆತನದ ಬಂಗಲೆ, ತೋಟಗಳೂ ಇದೇ ಕಡೆ ಇದ್ದವು. ವ್ಯಾಪಾರಕ್ಕೆ ಬಂದವರು ಇದನ್ನು ಬಿಟ್ಟು ಕಾಫಿ ಅಂಗಡಿ ಹುಡುಕಿಕೊಂಡು ಹೋದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ದೊಡ್ಡ ರಸ್ತೆ ಬಿಟ್ಟು ಓಣಿಗೆ ಇಳಿದಾಗ ಹಳೇ ಮನೆಗಳ ಬಾಗಿಲು ನೋಡಿ. ಒಂದು ಮನೆಗೆ ಮೂರು ಪದರ. ಹೊರಗಡೆ ಎದೆಮಟ್ಟದ ಅರ್ಧ ಬಾಗಿಲು. ಅದರ ಹಿಂದೆ ದುಂಡನೆ ಮರದ ಗಳಗಳನ್ನು ಅಡ್ಡಡ್ಡ ಜೋಡಿಸಿದ, ಪಕ್ಕಕ್ಕೆ ಸರಿಸುವ ಚೌಕಟ್ಟು. ಗಳಗಳ ಲೆಕ್ಕ ಬೆಸವೇ ಇರಬೇಕು, ಸಮ ಬಂದರೆ ಅಶುಭವಂತೆ. ಎಲ್ಲಕ್ಕಿಂತ ಒಳಗೆ ದಪ್ಪ ಮರದ ಕದ. ಸೆಕೆಗಾಲದಲ್ಲಿ ಕದ ತೆರೆದಿಟ್ಟು ಗಳದ ಚೌಕಟ್ಟು ಮಾತ್ರ ಎಳೆದಿರುತ್ತಾರೆ. ಗಾಳಿ ಒಳಗೆ ಹೋಗುತ್ತದೆ, ಕಳ್ಳ ಹೋಗುವುದಿಲ್ಲ.

ಇಲ್ಲೇ ನನಗೆ ಸಿಟ್ಟು ಬರುವುದು. ನಮ್ಮವರು ಆ ಗಳಗಳ ಸಂದಿಯಲ್ಲಿ ಫೋನ್ ತೂರಿಸಿ ವಿಡಿಯೊ ಮಾಡುತ್ತಾರೆ. ಒಳಗೆ ಯಾರೋ ಅಜ್ಜಿ ಊಟ ಮಾಡುತ್ತಿರುತ್ತಾರೆ. ನಿಮ್ಮ ಮನೆ ಕಿಟಕಿಗೆ ಯಾರಾದರೂ ಹೀಗೆ ಮಾಡಿದರೆ ಸುಮ್ನೆ ಬಿಡುತ್ತೀರಾ? ಬಾಗಿಲ ಮುಂದೆ ನಿಲ್ಲಬೇಡಿ. ಮೂರು ನಾಲ್ಕು ಜನಕ್ಕಿಂತ ಜಾಸ್ತಿ ಗುಂಪು ಕಟ್ಟಿಕೊಂಡು ಓಣಿಗೆ ಹೋಗಲೇಬೇಡಿ.

ಹೋಗುವುದಾದರೆ ಬೆಳಿಗ್ಗೆ ಏಳರಿಂದ ಹತ್ತರೊಳಗೆ. ಆಗ ಲಾಂಗ್‌ಡಾವ್‌ವೇ ಮಾರುಕಟ್ಟೆಯಲ್ಲಿ ಸೊಪ್ಪಿನವರು, ಮೀನಿನವರು ಕೂತಿರುತ್ತಾರೆ. ನೆಲವೆಲ್ಲ ಒದ್ದೆ, ಹಿಡಿತ ಇರುವ ಚಪ್ಪಲಿ ಬೇಕು. ಊಟ ಆದಮೇಲೆ ಓಣಿ ಮಲಗುತ್ತದೆ, ನೀವೂ ಬಿಟ್ಟು ಬನ್ನಿ. ಮೇ 1 ಮತ್ತು ಅಕ್ಟೋಬರ್ 1ರ ರಜೆಗಳಲ್ಲಿ ಇಡೀ ದೇಶ ರಸ್ತೆಯಲ್ಲಿರುತ್ತದೆ. ಆ ದಿನಗಳಲ್ಲಿ 'ಶಾಂತವಾದ ಜಾಗ' ಕೇಳಿ ನನಗೆ ಬರೆಯಬೇಡಿ. ಇನ್ನು ಭಯ ಪಡಬೇಕಾದ್ದು ಕಳ್ಳರಿಗಲ್ಲ, ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ. ಸದ್ದೇ ಇಲ್ಲದೆ ಹಿಂದಿನಿಂದ ಬರುತ್ತವೆ, ಕಾಲುದಾರಿಯ ಮೇಲೂ. ಕಿವಿಯಲ್ಲಿ ಇಯರ್‌ಫೋನ್ ಬೇಡ.

ಸುಸ್ತಾದರೆ ಸಿಹಿ ಅಂಗಡಿಯಲ್ಲಿ ಕೂತು ಶುಂಠಿ ಹಾಲು ಕೇಳಿ. ಬಟ್ಟಲಿಗೆ ಶುಂಠಿ ರಸ ಹಾಕಿ, ಅದರ ಮೇಲೆ ಸಕ್ಕರೆ ಬೆರೆಸಿದ ಬಿಸಿ ಎಮ್ಮೆ ಹಾಲನ್ನು ಒಂದೇ ಸಲ ಸುರಿಯುತ್ತಾರೆ. ಕಲಕುವುದಿಲ್ಲ. ಕೆಲವೇ ನಿಮಿಷದಲ್ಲಿ ನಮ್ಮ ಗಿಣ್ಣಿನ ಹಾಗೆ ಮೆತ್ತಗೆ ಗಟ್ಟಿಯಾಗುತ್ತದೆ. ಹಾಲನ್ನು ಹೆಪ್ಪುಗಟ್ಟಿಸುವುದು ಶುಂಠಿಯಲ್ಲೇ ಇರುವ ಕಿಣ್ವ, ಮೊಟ್ಟೆ ಇಲ್ಲ. ಪಕ್ಕದಲ್ಲೇ ಇರುವ 'ಎರಡು ಕೆನೆಯ ಹಾಲು' ಎಂಬ ಇನ್ನೊಂದು ಸಿಹಿಗೆ ಮೊಟ್ಟೆಯ ಬಿಳಿ ಹಾಕುತ್ತಾರೆ, ತಿನ್ನದವರು ಗಮನಿಸಿ.

ಮೂರು ದಿನ ಬಿಡುವಿದ್ದರೂ ಎಂಟು ಜಾಗದ ಪಟ್ಟಿ ಮಾಡಬೇಡಿ. ಇನ್ನೊಂದು ಬೇಕೇ ಬೇಕು ಎಂದರೆ ಮೇಳ ನಡೆಯುವ ಪಾಝೌದಲ್ಲೇ ಹುವಾಂಗ್‌ಪೂ ಹಳೇ ಹಳ್ಳಿ ಇದೆ. ಹಿಂದೆ ಹಡಗುಗಳ ಸುಂಕದ ಕಟ್ಟೆ ಇದ್ದ ಊರು. ವಾರದ ನಡುವೆ ಹೋಗಿ.

ಪ್ರಶ್ನೆ: 240 ಗಂಟೆ ವೀಸಾ ಇಲ್ಲದೆ ಇರಬಹುದಂತೆ? — ಮೈಸೂರು

ಆ ಸೌಲಭ್ಯ ಇರುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಇದೆ ಎನ್ನುವ ಏಜೆಂಟರ ಹತ್ತಿರ ಟಿಕೆಟ್ ಕೂಡ ತಗೋಬೇಡಿ.

ಪ್ರಶ್ನೆ: ಗೂಗಲ್ ಮ್ಯಾಪ್ ನೋಡಿಕೊಂಡು ಓಣಿ ಸುತ್ತಬಹುದೆ? — ಹುಬ್ಬಳ್ಳಿ

ಬೇಡ. ಚೀನಾದ ನಕ್ಷೆಗಳ ಲೆಕ್ಕವೇ ಬೇರೆ, ಗೂಗಲ್‌ನಲ್ಲಿ ನೀವು ನಿಂತ ಜಾಗ ನೂರಾರು ಮೀಟರ್ ಆಚೆ ತೋರಿಸಬಹುದು. ಚೀನಾದ್ದೇ ನಕ್ಷೆ ಆ್ಯಪ್ ಆದ ಅಮ್ಯಾಪ್ ಹಾಕಿಕೊಳ್ಳಿ.

ಪ್ರಶ್ನೆ: ನಾವು ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಉಪವಾಸವೇ ಗತಿಯೆ? — ಬೆಳಗಾವಿ

ಚೀನಾದ ಬೌದ್ಧ ಭಿಕ್ಷುಗಳೂ ತಿನ್ನುವುದಿಲ್ಲ. ಬೌದ್ಧರ ಸಸ್ಯಾಹಾರಿ ಹೋಟೆಲ್ ಹುಡುಕಿ, ಅವಲಕ್ಕಿ ಚೀಲ ಹೊರಬೇಡಿ.

ಪ್ರಶ್ನೆ: ಹೋಟೆಲ್ ಬಿಟ್ಟು ಓಣಿಯಲ್ಲೇ ಗೆಳೆಯನ ಮನೆಯಲ್ಲಿ ಉಳಿಯಬಹುದೆ? — ಮಂಗಳೂರು

ಉಳಿಯಬಹುದು. ಆದರೆ 24 ಗಂಟೆಯೊಳಗೆ ಪೊಲೀಸರಲ್ಲಿ ಹೆಸರು ನೋಂದಾಯಿಸಲೇಬೇಕು. ಹೋಟೆಲ್‌ನಲ್ಲಾದರೆ ಅವರೇ ಮಾಡುತ್ತಾರೆ. 'ಏನೂ ಆಗಲ್ಲ ಬಿಡಿ' ಎನ್ನುವ ಗೆಳೆಯನ ಮಾತು ಕೇಳಬೇಡಿ. ಪಾಸ್‌ಪೋರ್ಟ್ ನಕಲು ಸಾಲದು, ಅಸಲಿಯೇ ಜೇಬಿನಲ್ಲಿರಲಿ.

ಪ್ರಶ್ನೆ: ಬೀದಿಯಲ್ಲಿ ಸಿಕ್ಕ ಇಬ್ಬರು ಒಳ್ಳೆಯ ಇಂಗ್ಲಿಷಿನಲ್ಲಿ ಚಹಾ ಕುಡಿಯಲು ಕರೆದರು. ಹೋಗಬಹುದಿತ್ತೆ? — ಬೆಂಗಳೂರು

ಹೋಗದಿದ್ದದ್ದೇ ಒಳ್ಳೆಯದಾಯಿತು. ಆ ಚಹಾದ ಬಿಲ್ ಸಾವಿರಾರು ರೂಪಾಯಿ ಆಗುತ್ತದೆ.