ಡಾಕರ್ ಕಂಟೇನರ್‌ನಲ್ಲಿರುವ ಪೈಥಾನ್ ತಂತ್ರಾಂಶ ನಿಲ್ಲಲು ಹತ್ತು ಸೆಕೆಂಡ್ ಏಕೆ ಬೇಕು?

ಚನ್ನಗಿರಿಯ ಅಡಿಕೆ ಮಂಡಿಗೆ ಫ್ಲಾಸ್ಕ್‌ನಲ್ಲಿ (ಪೈಥಾನ್‌ನ ವೆಬ್ ಚೌಕಟ್ಟು) ಬಿಲ್ಲಿಂಗ್ ತಂತ್ರಾಂಶ ಬರೆದು ಡಾಕರ್ ಕಂಟೇನರ್‌ನಲ್ಲಿ, ಅಂದರೆ ತಂತ್ರಾಂಶವನ್ನು ಪ್ರತ್ಯೇಕವಾಗಿ ಓಡಿಸುವ ಪೆಟ್ಟಿಗೆಯಲ್ಲಿ, ಓಡಿಸುತ್ತಿದ್ದೀರಿ. 'ಡಾಕರ್ ಸ್ಟಾಪ್' ಕೊಟ್ಟರೆ ಹತ್ತು ಸೆಕೆಂಡ್ ತಡ, ಪ್ರಿಂಟ್ ಮಾಡಿದ ಕೊನೆಯ ಸಾಲುಗಳು ಲಾಗ್‌ನಲ್ಲಿ ಇಲ್ಲ, ಗೆಳೆಯರು ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ಗೆ ಹೋಗು ಎನ್ನುತ್ತಾರೆ ಎಂದಿದ್ದೀರಿ. ದಾವಣಗೆರೆಯ ಮಂಡಿಪೇಟೆಯ ಕೆಲವು ಅಂಗಡಿಗಳಿಗೆ ನಾನು ಇಂಥದ್ದೇ ತಂತ್ರಾಂಶ ನೋಡಿಕೊಳ್ಳುತ್ತೇನೆ. ನಿಮ್ಮ ಎರಡು ದೂರುಗಳ ಮೂಲ ಒಂದೇ ಕಡೆ ಇದೆ. ಆಲ್ಪೈನ್‌ಗೂ ಅದಕ್ಕೂ ಸಂಬಂಧವಿಲ್ಲ.

'ಸ್ಟಾಪ್' ಎಂದಾಗ ಡಾಕರ್ ಮೊದಲು ಸಿಗ್‌ಟರ್ಮ್ ಸಂಕೇತ (ನಿಲ್ಲು ಎಂಬ ಕೋರಿಕೆ) ಕಳುಹಿಸಿ 10 ಸೆಕೆಂಡ್ ಕಾಯುತ್ತದೆ. ಆಮೇಲೂ ನಿಲ್ಲದಿದ್ದರೆ ಸಿಗ್‌ಕಿಲ್, ಅಂದರೆ ತಡೆಯಲಾಗದ ಬಲವಂತದ ಅಂತ್ಯ. ಕಂಟೇನರ್‌ನೊಳಗೆ ನಿಮ್ಮ ಪೈಥಾನ್ 1ನೇ ಸಂಖ್ಯೆಯ ಪ್ರಕ್ರಿಯೆ. ಆ ಸ್ಥಾನದಲ್ಲಿರುವ ಪ್ರಕ್ರಿಯೆ ಸಂಕೇತವನ್ನು ನಿಭಾಯಿಸುವ ಏರ್ಪಾಡನ್ನು ತಾನಾಗಿ ಮಾಡಿಕೊಳ್ಳದಿದ್ದರೆ ಲಿನಕ್ಸ್ ಕರ್ನಲ್ ಸಿಗ್‌ಟರ್ಮ್‌ನಿಂದ ಅದನ್ನು ಕೊಲ್ಲುವುದಿಲ್ಲ. ಪೈಥಾನ್ ಅಂಥ ಏರ್ಪಾಡನ್ನು ತಾನಾಗಿ ಮಾಡುವುದೂ ಇಲ್ಲ. ಹಾಗಾಗಿ ಕೊನೆಗೆ ಸಿಗ್‌ಕಿಲ್‌ಗೇ ಬಲಿ. ಔಟ್‌ಪುಟ್ ಟರ್ಮಿನಲ್‌ಗೆ ಹೋಗದಿದ್ದಾಗ ಪೈಥಾನ್ ಸಾಲುಗಳನ್ನು ಬಫರ್‌ನಲ್ಲಿ (ಮೆಮೊರಿಯ ತಾತ್ಕಾಲಿಕ ಜಾಗ) ಕೂಡಿಡುತ್ತದೆ, ಸಿಗ್‌ಕಿಲ್ ಬಂದರೆ ಅವೂ ಹೋದವು. ರಾಶಿ ಅಡಿಕೆಯ ತೂಕದ ಚೀಟಿ ಅರ್ಧ ದಾಖಲಾಗಿರುವಾಗ ಹೀಗಾದರೆ ಮಂಡಿಯವರು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ.

'ಡಾಕರ್ ರನ್'ಗೆ 'ಇನಿಟ್' ಆಯ್ಕೆ ಸೇರಿಸಿದರೆ ಟಿನಿ ಎಂಬ ಪುಟ್ಟ ಪ್ರೋಗ್ರಾಂ 1ನೇ ಸ್ಥಾನಕ್ಕೆ ಬಂದು ಸಂಕೇತವನ್ನು ಪೈಥಾನ್‌ಗೆ ದಾಟಿಸುತ್ತದೆ. ಆಗ ತಂತ್ರಾಂಶ ಬೇಗ ಸಾಯುತ್ತದೆ ನಿಜ, ಕೈಯಲ್ಲಿರುವ ಬಿಲ್ ಮುಗಿಸಿ ಸಾಯುವುದಿಲ್ಲ. ಆದ್ದರಿಂದ ಫ್ಲಾಸ್ಕ್‌ನ ಸ್ವಂತ ಸರ್ವರ್ ಬಿಟ್ಟು ಗುನಿಕಾರ್ನ್ ಎಂಬ ಪೈಥಾನ್ ವೆಬ್ ಸರ್ವರ್ ಬಳಸಿ (ಹೇಗಿದ್ದರೂ ಆ ಸರ್ವರ್ ಅಭಿವೃದ್ಧಿಯ ಹಂತಕ್ಕಷ್ಟೇ). ಸಿಗ್‌ಟರ್ಮ್ ಬಂದರೆ ಅದು ನಡೆಯುತ್ತಿರುವ ಕೋರಿಕೆಗಳಿಗೆ 30 ಸೆಕೆಂಡ್‌ವರೆಗೆ ಅವಕಾಶ ಕೊಡುತ್ತದೆ. ಡಾಕರ್ ಮಾತ್ರ ಹತ್ತಕ್ಕೇ ಕೊಲ್ಲುತ್ತದೆ, ಅದಕ್ಕೆ 'ಸ್ಟಾಪ್' ಆದೇಶದ ಕಾಯುವ ಅವಧಿಯನ್ನು 35ಕ್ಕೆ ಏರಿಸಿ. ಶೆಲ್ ಸ್ಕ್ರಿಪ್ಟ್ ಮೂಲಕ ಆರಂಭಿಸುವುದಾದರೆ ಕೊನೆಯ ಸಾಲಿನ ಮುಂದೆ 'ಎಕ್ಸೆಕ್' ಇರಲಿ, ಇಲ್ಲವಾದರೆ ಸಂಕೇತ ಶೆಲ್‌ನಲ್ಲೇ ಉಳಿಯುತ್ತದೆ. ಪೈಥಾನ್ ಅನ್‌ಬಫರ್ಡ್ ಪರಿಸರ ಚಲಕಕ್ಕೆ 1 ಕೊಟ್ಟರೆ ಲಾಗ್ ಸಾಲುಗಳು ಕೂಡಲೇ ಬರುತ್ತವೆ.

ಇನ್ನು ಆಲ್ಪೈನ್‌ನಲ್ಲಿ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಬದಲು ಮಸಲ್ ಎಂಬ ಬೇರೆ ಸಿ ಲೈಬ್ರರಿ ಇದೆ. ಅದಕ್ಕೆ ಹೊಂದುವ ಸಿದ್ಧ ಪ್ಯಾಕೇಜ್ ಸಿಗದಿದ್ದರೆ ಪೈಥಾನ್ ಪ್ಯಾಕೇಜ್ ತರುವ ಪಿಪ್ ಅದನ್ನು ಅಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ. ನಿಮಗೆ ಪೈಥಾನ್‌ನ ಡಾಕರ್ ಇಮೇಜ್‌ನ ಚಿಕ್ಕ ರೂಪ 'ಸ್ಲಿಮ್' ಸಾಕು.

ಬದಲಾಯಿಸಿದ ಮೇಲೆ 'ಡಾಕರ್ ಇನ್‌ಸ್ಪೆಕ್ಟ್'ನಲ್ಲಿ ನಿರ್ಗಮನ ಸಂಖ್ಯೆ ನೋಡಿ. 137 ಇದ್ದರೆ ಸಿಗ್‌ಕಿಲ್ ಇನ್ನೂ ಬೆನ್ನು ಬಿಟ್ಟಿಲ್ಲ, 0 ಬರಬೇಕು.